ಕಂಪ್ಯೂಟರಿನೊಳಗಿನ ಚೆಂಡೆ

"ಕಂಪ್ಯೂಟರಿನಲ್ಲಿ ಹಾಡು ಒಳ್ಳೆದು ಕೇಳಬೇಕಾದರೆ ಎಂತ ತೆಗೆದುಕೊಳ್ಳಬೇಕು?" ಎಂದು ಯಾರಾದರೂ ವಿಚಾರಿಸಿದರೆ ನಾನು ತಿರುಗಿ ಕೇಳುವುದು, "ನೀವು ಕೇಳುವುದು ಎಂತದ್ದು?" ಎಂದು. ಅಧಿಕಪ್ರಸಂಗ ಅಂತ ಕಾಣಬಹುದು. ಆದರೆ ಅದು ಗೊತ್ತಾಗದೆ ಉತ್ತರ ಹೇಳಿ ಪ್ರಯೋಜನ ಇಲ್ಲ.

ತಾಳಮದ್ದಳೆ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳುವವರಿಗೆ ಮಾತು ಸ್ಪಷ್ಟ ಇದ್ದರೆ ಆಯ್ತು. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥವನ್ನು (ಪಾತ್ರದ ಮಾತನ್ನು) ಸಣ್ಣ ರೇಡಿಯೋದಲ್ಲಿ ಕೇಳಿದರೂ ಏನೂ ತಪ್ಪಿ ಹೋಗುವುದಿಲ್ಲ. ಹಳೆಯ ಸಿನಿಮಾ ಹಾಡಿನವರಿಗೆ ಕಂಠ ಮುಂದೆ ಬರಬೇಕು. ತೆಂಕುತಿಟ್ಟಿನ ಆಟ, ಅಂದರೆ ತೆಂಕಣ ಶೈಲಿಯ ಯಕ್ಷಗಾನ ಬಯಲಾಟ, ಕೇಳುವವರ ಪಾಡು ಬೇರೆ. ಅಲ್ಲಿ ಚೆಂಡೆ ಉಂಟು, ಮದ್ದಳೆ ಉಂಟು, ಚಕ್ರತಾಳ ಉಂಟು. ಅದರ ಮೇಲೆ ಪದ್ಯ ಹಾಡುವ ಭಾಗವತರ ಏರುಶ್ರುತಿಯ ಸ್ವರ. ಇಷ್ಟನ್ನೂ ಒಂದಕ್ಕೊಂದು ಕಲಸದೆ ಕೇಳಿಸುವುದು ಯಾವ ಯಂತ್ರಕ್ಕೂ ಸುಲಭ ಅಲ್ಲ.

ನಾನು ಈ ಮೂರನೆಯ ಪಂಗಡದವ. ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಮನೆ. ಮೇ ಕೊನೆಗೆ ಬರುವ ಪತ್ತನಾಜೆಗೆ ಮೇಳದವರು ಗೆಜ್ಜೆ ಬಿಚ್ಚಿದರೆ ಮತ್ತೆ ಮಳೆಗಾಲ ಪೂರ್ತಿ ಬಯಲಾಟ ಇಲ್ಲ. ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಜಿಲ್ಲೆ ನಮ್ಮದು. ಆ ತಿಂಗಳುಗಳಲ್ಲಿ ಆಟ ಅಂದರೆ ಕಂಪ್ಯೂಟರಿನ ಎದುರು ಕೂತು ಕೇಳಿದ್ದೇ. ಹಾಗಾಗಿ ಚೆಂಡೆಯ ಪೆಟ್ಟು ಎಲ್ಲಿ ಮಂಕಾಗುತ್ತದೆ ಎಂದು ಹುಡುಕುತ್ತಾ ಹೋಗುವುದು ನನಗೆ ಒಂದು ಚಟವೇ ಆಗಿಬಿಟ್ಟಿದೆ.

ಸ್ಟ್ರೀಮಿಂಗ್ ಅಂದ ಕೂಡಲೇ ಎಲ್ಲರೂ ಬೈಯುವುದು ಬಿಟ್‌ರೇಟನ್ನು, ಅಂದರೆ ಒಂದು ಸೆಕೆಂಡಿನ ಸದ್ದಿಗೆ ಎಷ್ಟು ಮಾಹಿತಿ ಎಂಬ ಲೆಕ್ಕವನ್ನು. ಅದನ್ನೇ ಮೊದಲು ನೋಡೋಣ. ಸಿಡಿಯಲ್ಲಿ ಒಂದು ಸೆಕೆಂಡಿನ ಧ್ವನಿಯನ್ನು 44,100 ಸಲ ಅಳೆದು, ಒಂದೊಂದು ಅಳತೆಯನ್ನೂ 16 ಬಿಟ್‌ನಲ್ಲಿ ಬರೆದಿರುತ್ತಾರೆ. ಎಡ ಬಲ ಎರಡೂ ಸೇರಿದರೆ 1411 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಕಿಲೋಬಿಟ್). ಎಂಪಿ3 ಇದನ್ನು 128ಕ್ಕೋ 320ಕ್ಕೋ ಇಳಿಸುತ್ತದೆ. ಧ್ವನಿಯನ್ನು ಸಣ್ಣ ಸಣ್ಣ ತುಂಡು ಮಾಡಿ, ಆ ತುಂಡಿನೊಳಗೆ ಕಿವಿಗೆ ಹೇಗೂ ಕೇಳಿಸದ್ದನ್ನು ಬಿಸಾಡುವುದೇ ಅದರ ಉಪಾಯ. ಒಂದು ದೊಡ್ಡ ಶಬ್ದ ಇರುವಾಗ ಅದರ ಪಕ್ಕದ ಸಣ್ಣ ಶಬ್ದ ನಮಗೆ ಕೇಳುವುದಿಲ್ಲ. ಅದನ್ನು ಉಳಿಸಿಕೊಂಡು ಎಂತ ಮಾಡುವುದು, ಅಲ್ವಾ?

ಎಂಪಿ3ಯ ಒಂದು ತುಂಡು ಸುಮಾರು 26 ಮಿಲಿಸೆಕೆಂಡ್. ಪಿಟೀಲಿಗೆ, ಕೊಳಲಿಗೆ ಇದು ಏನೂ ತೊಂದರೆ ಇಲ್ಲ. ಆದರೆ ಚೆಂಡೆಯ ಪೆಟ್ಟು ಹಾಗಲ್ಲ. ಕೋಲು ಚರ್ಮಕ್ಕೆ ಬಡಿಯುವುದಕ್ಕೆ ಮೊದಲಿನ ಕ್ಷಣ ಮೌನ. ಬಡಿದ ಕೂಡಲೇ ಸಿಡಿದಂಥ ಶಬ್ದ. ಈ ಮೌನ ಮತ್ತು ಸಿಡಿತ ಎರಡೂ ಒಂದೇ ತುಂಡಿನೊಳಗೆ ಬಂದರೆ, ಬಿಸಾಡಿದ್ದರಿಂದ ಹುಟ್ಟಿದ ಕೊಳೆ ಇಡೀ ತುಂಡಿಗೆ ಹರಡುತ್ತದೆ. ಅಂದರೆ ಪೆಟ್ಟಿಗಿಂತ ಮೊದಲೇ ಒಂದು "ಸ್ಸ್" ಬರುತ್ತದೆ. ಪ್ರಿ-ಎಕೋ ಎನ್ನುತ್ತಾರೆ ಇದಕ್ಕೆ. ಇದನ್ನು ತಪ್ಪಿಸಲಿಕ್ಕೆಂದೇ ಅಂಥ ಕಡೆಯಲ್ಲಿ ಇನ್ನೂ ಸಣ್ಣ ತುಂಡು ಮಾಡುವ ಏರ್ಪಾಡು ಎಂಪಿ3ಯಲ್ಲಿ ಉಂಟು. ಕಡಿಮೆ ಬಿಟ್‌ರೇಟಿನಲ್ಲಿ ಅದೂ ಸಾಲುವುದಿಲ್ಲ. ಕೋಡೆಕ್, ಅಂದರೆ ಎಂಪಿ3ಯ ಹಾಗೆ ಸದ್ದನ್ನು ಹಿಂಡಿ ಮತ್ತೆ ಬಿಚ್ಚುವ ವಿಧಾನ, ಅದರ ಪರೀಕ್ಷೆ ಮಾಡುವವರು ಸ್ಪೇನ್ ದೇಶದ ಕ್ಯಾಸ್ಟನೆಟ್ ಎಂಬ ಮರದ ತಾಳವನ್ನು ಬಳಸುತ್ತಾರೆ. ಅವರಿಗೆ ಯಾರಾದರೂ ಒಂದು ಏರುಪದ್ಯದ ಪೀಠಿಕೆಯ ಚೆಂಡೆ ಕಳಿಸಿಕೊಡಬೇಕಿತ್ತು ಅಂತ ನನಗೆ ಆಗಾಗ ಅನ್ನಿಸುತ್ತದೆ.

128ರ ಎಂಪಿ3ಯಲ್ಲಿ ಚಕ್ರತಾಳ ಲೋಹದ ಹಾಗೆ ಕೇಳುವುದಿಲ್ಲ, ನೀರು ಚಿಮುಕಿಸಿದ ಹಾಗೆ ಕೇಳುತ್ತದೆ. ಒಮ್ಮೆ ಗುರುತು ಸಿಕ್ಕಿದರೆ ಮತ್ತೆ ಬಿಡುವುದಿಲ್ಲ ಅದು. ಆದರೆ 320ಕ್ಕೆ ಹೋದರೆ? ಒಳ್ಳೆ ರೆಕಾರ್ಡಿಂಗ್ ಒಂದನ್ನು ಲಾಸ್‌ಲೆಸ್ (ಏನೂ ಬಿಸಾಡದ್ದು) ಮತ್ತು 320 ಎರಡರಲ್ಲೂ ಇಟ್ಟುಕೊಂಡೆ. ಅಕ್ಕನ ಮಗನನ್ನು ಕಂಪ್ಯೂಟರಿನ ಹಿಂದೆ ಕೂರಿಸಿದೆ. ಅವ ಮನಸ್ಸಿಗೆ ಬಂದ ಹಾಗೆ ಬದಲಿಸುವುದು, ನಾನು ಕಣ್ಣು ಮುಚ್ಚಿ ಯಾವುದು ಎಂದು ಹೇಳುವುದು.

"ಮಾವ, ನೀವು ಸುಮ್ನೆ ಅಂದಾಜಿಗೆ ಹೇಳ್ತಾ ಇದ್ದೀರಿ" ಎಂದ ಸ್ವಲ್ಪ ಹೊತ್ತಿನಲ್ಲೇ.

ನಿಜ, ಅಂದಾಜೇ. ಫೂಬಾರ್2000 ಎಂಬ ಉಚಿತ ಪ್ಲೇಯರಿನಲ್ಲಿ ಇದೇ ಆಟವನ್ನು ಒಬ್ಬರೇ ಕೂತು ಆಡಲಿಕ್ಕೆ ಎಬಿಎಕ್ಸ್ ಎಂಬ ಸೌಕರ್ಯ ಹಾಕಿಕೊಳ್ಳಬಹುದು. ದುಡ್ಡು ಖರ್ಚು ಮಾಡುವ ಮೊದಲು ಎಲ್ಲರೂ ಒಮ್ಮೆ ಆಡಬೇಕಾದ ಆಟ. ಇನ್ನು 192 ಕಿಲೋಹರ್ಟ್ಸ್, 24 ಬಿಟ್ ಎಂಬ ಹೈ-ರೆಸ್ ಕಥೆ. ಒಳ್ಳೆ ಕಿವಿಗೂ 20 ಕಿಲೋಹರ್ಟ್ಸ್ ಕೊನೆ, ಪ್ರಾಯ ಆದಂತೆ ಅದೂ ಇಳಿಯುತ್ತದೆ. ಅಷ್ಟನ್ನು ಹಿಡಿದಿಡಲಿಕ್ಕೆ ಸಿಡಿಯ 44.1 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 44,100 ಅಳತೆ, ಸಾಕು. 16 ಬಿಟ್‌ನಲ್ಲಿ ಸಿಗುವ ಸುಮಾರು 96 ಡೆಸಿಬಲ್ ಅಂತರವನ್ನು ಜೀರುಂಡೆ ಕೂಗುವ ನಮ್ಮ ಮನೆಗಳಲ್ಲಿ ಪೂರ್ತಿ ಬಳಸುವುದೂ ಸಾಧ್ಯವಿಲ್ಲ. ರೆಕಾರ್ಡಿಂಗ್ ಮಾಡುವವರಿಗೆ 24 ಬಿಟ್ ಬೇಕು. ಕೇಳುವವರಿಗೆ ಬೇಡ.

ಹಾಗಾದರೆ ಚೆಂಡೆ ಮಂಕಾಗುವುದು ಎಲ್ಲಿ? ನನ್ನ ಪ್ರಕಾರ ಹುಡುಕಾಟ ಶುರು ಮಾಡಬೇಕಾದ್ದು ಕಿವಿಯ ಕಡೆಯಿಂದ. ನಾವು ಇಂಟರ್ನೆಟ್ಟಿನ ಕಡೆಯಿಂದ ಶುರು ಮಾಡುತ್ತೇವೆ.

ಮೊದಲು ಕೋಣೆ. ನಮ್ಮ ಕಡೆಯ ಹೊಸ ಮನೆಗಳು ಗೊತ್ತಲ್ಲ, ಮುರಕಲ್ಲಿನ ಗೋಡೆಗೆ ನುಣ್ಣಗೆ ಸಿಮೆಂಟು, ಮೇಲೆ ಪುಟ್ಟಿ, ಪೈಂಟು. ನೆಲಕ್ಕೆ ಹೊಳೆಯುವ ಟೈಲ್ಸ್. ಮೇಲೆ ಕಾಂಕ್ರೀಟು ಸ್ಲ್ಯಾಬು. ಇಂಥ ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. "ಟಪ್" ಎಂದು ನಿಲ್ಲುವುದಿಲ್ಲ, "ಟರ್ರ್" ಎಂದು ಗೋಡೆಯಿಂದ ಗೋಡೆಗೆ ಓಡುತ್ತದೆ. ಚೆಂಡೆಯ ಒಂದೊಂದು ಪೆಟ್ಟಿಗೂ ಅದೇ ಗತಿ. ಇಂಥ ಕೋಣೆಯಲ್ಲಿ ಲಕ್ಷ ರೂಪಾಯಿಯ ಸ್ಪೀಕರು ಇಟ್ಟರೂ ಬಾವಿಯೊಳಗೆ ಆಟ ಆದ ಹಾಗೆಯೇ.

ನಮ್ಮ ಮನೆಯಲ್ಲಿ ಕಂಪ್ಯೂಟರು ಮೊದಲು ಇದ್ದದ್ದು ಎದುರಿನ ಹಾಲ್‌ನಲ್ಲಿ. ಒಂದು ವರ್ಷ ಧಾರಣೆ ಇಳಿದಿತ್ತು. ಅಡಕೆ ಮಾರದೆ ಹಿಂದಿನ ಕೋಣೆಯಲ್ಲಿ ಗೋಣಿ ಗೋಣಿ ಪೇರಿಸಿಟ್ಟಿದ್ದೆವು. ಯಾವುದೋ ಕೆಲಸಕ್ಕೆ ಲ್ಯಾಪ್‌ಟಾಪನ್ನು ಅಲ್ಲಿಗೆ ಒಯ್ದು ಹಾಡು ಹಾಕಿದರೆ, ಅದೇ ಸ್ಪೀಕರು, ಅದೇ ಪದ್ಯ, ಮದ್ದಳೆಯ ಎಡ ಬಲ ಎರಡೂ ಬದಿ ಬಿಡಿಬಿಡಿಯಾಗಿ ಕೇಳಿತು! ಎದೆಮಟ್ಟದವರೆಗೆ ಎರಡು ಗೋಡೆ ತುಂಬಾ ಅಡಕೆ ಗೋಣಿ. ಚಪ್ಪಾಳೆ ತಟ್ಟಿದರೆ ಅಲ್ಲೇ ಸತ್ತುಹೋಗುತ್ತಿತ್ತು. ಸೆಣಬಿನ ಒರಟು ಬಟ್ಟೆ, ಒಳಗೆ ಕಾಯಿಗಳ ನಡುವಿನ ಸಂದು, ಎಲ್ಲ ಸೇರಿ ಶಬ್ದವನ್ನು ಹೀರಿಕೊಂಡವು. ಧಾರಣೆ ಏರಿದ ಮೇಲೆ ಅಡಕೆ ಪೇಟೆಗೆ ಹೋಯಿತು, ಸದ್ದು ಹಾಳಾಯಿತು. ಮನೆಯಲ್ಲಿ ಅದಕ್ಕೆ ಬೇಜಾರು ಮಾಡಿಕೊಂಡದ್ದು ನಾನೊಬ್ಬನೇ.

ಎಲ್ಲರ ಮನೆಯಲ್ಲಿ ಅಡಕೆ ಇರುವುದಿಲ್ಲ. ಹತ್ತಿಯ ಹಾಸಿಗೆ ಒಂದನ್ನು ಗೋಡೆಗೆ ಒರಗಿಸಿ, ದಪ್ಪ ಪರದೆ ಹಾಕಿ, ನೆಲಕ್ಕೆ ಜಮಖಾನ ಹಾಸಿ. ಪುಸ್ತಕ ತುಂಬಿದ ಕಪಾಟು ಇದ್ದರೆ ಅದು ಬೆನ್ನ ಹಿಂದೆ ಬರುವ ಹಾಗೆ ಕೂತುಕೊಳ್ಳಿ. ಮೊಟ್ಟೆಯ ಟ್ರೇ ಅಂಟಿಸಿದರೆ ಸರಿಯಾಗುತ್ತದೆ ಎನ್ನುವವರ ಮಾತು ಕೇಳಬೇಡಿ. ಅದು ಅಂದಗೇಡು, ಉಪಕಾರವೂ ಹೆಚ್ಚಿಲ್ಲ.

ಆಮೇಲೆ ಸ್ಪೀಕರು. ಎರಡು ಸ್ಪೀಕರು, ನಿಮ್ಮ ತಲೆ, ಇಷ್ಟು ಮೂರೂ ಒಂದಕ್ಕೊಂದು ಸಮದೂರದಲ್ಲಿ ಇರಬೇಕು. ಮೇಲಿನ ಸಣ್ಣ ಟ್ವೀಟರು ಕಿವಿಯ ಎತ್ತರಕ್ಕೆ ಬರಬೇಕು. ಮೂಲೆಗೆ ತಳ್ಳಿದರೆ ತಗ್ಗಿನ ಸ್ವರ ಊದಿಕೊಳ್ಳುತ್ತದೆ, ಮದ್ದಳೆ ಡೋಲಿನ ಹಾಗೆ ಆಗುತ್ತದೆ. ಮೇಜಿನ ಮೇಲೆ ಸ್ಪೀಕರಿನ ಅಡಿಯಲ್ಲಿ ಎರಡು ಹಳೆಯ ದಪ್ಪ ಪುಸ್ತಕ ಇಟ್ಟರೆ ಎತ್ತರವೂ ಸಿಕ್ಕಿತು, ಮೇಜು ನಡುಗುವುದೂ ಕಡಿಮೆ. ಖರ್ಚಿಲ್ಲ. ಖರ್ಚು ಮಾಡುವುದಾದರೆ ಕೈಯಲ್ಲಿರುವ ದುಡ್ಡಿನ ಮುಕ್ಕಾಲು ಪಾಲನ್ನು ಸ್ಪೀಕರಿಗೇ ಹಾಕಿ. ಲ್ಯಾಪ್‌ಟಾಪಿನ ಸ್ವಂತ ಸ್ಪೀಕರಿನಲ್ಲಿ ಮದ್ದಳೆಯ ತಗ್ಗು ಬರುವುದೇ ಇಲ್ಲ, ಯಾವ ಸೆಟ್ಟಿಂಗ್ ಮಾಡಿದರೂ ಅಷ್ಟೇ.

ಬ್ಲೂಟೂತ್ ಹೆಡ್‌ಸೆಟ್ಟಿನವರಿಗೆ ಒಂದು ಮಾತು. ಹಾಡು ಚೆನ್ನಾಗಿಯೇ ಬರುತ್ತಿದ್ದು, ನಡುವೆ ಒಮ್ಮೆಲೇ ಹಳೆಯ ಟೆಲಿಫೋನಿನ ಹಾಗೆ ಆದರೆ, ಯಾವುದೋ ಆ್ಯಪ್ ಮೈಕ್ ತೆರೆದಿದೆ ಅಂತ ಅರ್ಥ. ಮೈಕ್ ಓಡುವಾಗ ಹೆಡ್‌ಸೆಟ್ ಫೋನಿನಲ್ಲಿ ಮಾತಾಡುವ ಮೋಡ್‌ಗೆ ಹೋಗುತ್ತದೆ. ಮೀಟಿಂಗಿನ ಆ್ಯಪ್ ಮುಚ್ಚಿದರೆ ಸರಿಯಾದೀತು.

ಇನ್ನು ಕರೆಂಟು. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಒಂದು ಅಧ್ಯಾಯವೇ ಬೇಕು. ಸ್ಪೀಕರಿನಲ್ಲಿ "ಗುಂಯ್" ಎಂದು ಬರುವ ಸದ್ದು ಎಲ್ಲರಿಗೂ ಗೊತ್ತು. ನಮ್ಮ ದೇಶದ ಕರೆಂಟು 50 ಹರ್ಟ್ಸ್, ಆ ಗುಂಯ್ ಕೂಡ 50 ಇಲ್ಲವೇ 100 ಹರ್ಟ್ಸ್. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಗುಂಯ್ ಹೋದರೆ ಕಾರಣ ವಯರಿಂಗು, ಸ್ಪೀಕರು ಅಲ್ಲ. ಮನೆಯ ಅರ್ತಿಂಗ್ ಸರಿ ಇಲ್ಲ, ಅಥವಾ ಕಂಪ್ಯೂಟರು ಮತ್ತು ಸ್ಪೀಕರು ಬೇರೆಬೇರೆ ಪ್ಲಗ್ಗಿನಿಂದ ಅರ್ತ್ ತೆಗೆದುಕೊಂಡು ನಡುವೆ ಒಂದು ಸುತ್ತು ಆಗಿದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ.

ಮುರಕಲ್ಲಿನ ಗುಡ್ಡದ ಮೇಲಿನ ಮನೆಗಳಲ್ಲಿ ಎಪ್ರಿಲ್ ತಿಂಗಳಿಗೆ ಗುಂಯ್ ಜಾಸ್ತಿಯಾಗುವುದುಂಟು. ಮಣ್ಣು ಒಣಗಿದರೆ ಅರ್ತ್ ಹಿಡಿಯುವುದಿಲ್ಲ. ನಮ್ಮ ಕರೆಂಟಿನ ಕೆಲಸದವರು ಬಂದು ನೋಡಿ, "ಅಣ್ಣ, ಅರ್ತಿನ ಗುಂಡಿಗೆ ನೀರು ಹಾಕದೆ ಎಷ್ಟು ಸಮಯ ಆಯ್ತು?" ಎಂದರು. ಉಪ್ಪು, ಇದ್ದಿಲು ತುಂಬಿ ಮಾಡಿದ ಗುಂಡಿ ಅದು. ಕೊಡದಲ್ಲಿ ನೀರು ಹೊಯ್ದ ಮೇಲೆ ಗುಂಯ್ ತಗ್ಗಿತು. ಅಂದಿನಿಂದ ಬೇಸಿಗೆಯಲ್ಲಿ ತೋಟಕ್ಕೆ ನೀರು ಬಿಡುವಾಗ ಅದಕ್ಕೂ ಒಂದು ಪಾಲು ಹೋಗುತ್ತದೆ. ದಯವಿಟ್ಟು ಯಾರೂ ಗುಂಯ್ ಹೋಗಲಿ ಎಂದು ಪ್ಲಗ್ಗಿನ ಅರ್ತ್ ಪಿನ್ನನ್ನು ಮುರಿಯಬೇಡಿ. ಗುಂಯ್ ಹೋಗುತ್ತದೆ, ಒಂದು ದಿನ ಜೀವವೂ ಹೋದೀತು. ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಸಣ್ಣ ಡಬ್ಬಿ ಸಿಗುತ್ತದೆ, ಕಂಪ್ಯೂಟರಿಗೂ ಸ್ಪೀಕರಿಗೂ ನಡುವಿನ ಕೇಬಲ್ಲಿಗೆ ಹಾಕಿಕೊಳ್ಳಲಿಕ್ಕೆ.

ಕರೆಂಟು ಹೋದಾಗ ಮಾತ್ರ ಒಂದು ಗೊರಗೊರ ಬರುತ್ತದಾ? ಅದು ಇನ್ವರ್ಟರ್. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿಗೆ ಫ್ಯಾನೂ ಗೊರಗುಟ್ಟುತ್ತದೆ, ಸ್ಪೀಕರೂ ಗೊರಗುಟ್ಟುತ್ತದೆ. ಮುಂದಿನ ಸಲ ಬದಲಿಸುವಾಗ ಸೈನ್ ವೇವ್‌ನದ್ದು ತೆಗೆದುಕೊಳ್ಳಿ. ಗುಡುಗು ಶುರುವಾದರೆ ಎಲ್ಲ ಪ್ಲಗ್ಗು ತೆಗೆದು, ಇಂಟರ್ನೆಟ್ಟಿನ ತಾಮ್ರದ ವಯರೂ ತೆಗೆದು ಇಡುವುದು ಇಲ್ಲಿ ಮಕ್ಕಳಿಗೂ ಗೊತ್ತು, ಹೇಳಬೇಕಾಗಿಲ್ಲ.

ಇಲಿ ಹಿಡಿದ ಹಾಗೆ ಕಿರ್ ಕಿರ್ ಎಂದು, ಮೌಸ್ ಆಡಿಸಿದಾಗೆಲ್ಲ ಬರುವ ಸದ್ದು ಇನ್ನೊಂದು ಜಾತಿ. ಅದು ಕಂಪ್ಯೂಟರಿನ ಒಳಗಿನದ್ದೇ. ಮದರ್‌ಬೋರ್ಡಿನ ಧ್ವನಿಯ ಭಾಗಕ್ಕೆ ಪಕ್ಕದವರ ಗಲಾಟೆ ಸೋರುತ್ತದೆ. ಡೆಸ್ಕ್‌ಟಾಪ್ ಆದರೆ ಎದುರಿನ ತೂತು ಬಿಟ್ಟು ಹಿಂದಿನ ತೂತಿಗೆ ಚುಚ್ಚಿ ನೋಡಿ. ಎದುರಿನದ್ದಕ್ಕೆ ಒಳಗೆ ಉದ್ದದ ವಯರು ಇರುತ್ತದೆ, ಅದೇ ಗಲಾಟೆ ಹಿಡಿಯುವುದು. ಆದರೂ ಹೋಗದಿದ್ದರೆ ಮಾತ್ರ ಹೊರಗಿನ ಯುಎಸ್‌ಬಿ ಡ್ಯಾಕ್, ಅಂದರೆ ಕಂಪ್ಯೂಟರಿನ ಅಂಕಿಗಳನ್ನು ಸದ್ದಿನ ಅಲೆಯಾಗಿ ಬದಲಿಸುವ ಡಬ್ಬಿ. ಫೋನಿನ ಟೈಪ್-ಸಿ ತೂತಿಗೆ ಹಾಕುವ ಒಳ್ಳೆಯ ಹೆಡ್‌ಫೋನ್ ಡಾಂಗಲ್ ಕೂಡ ಒಂದು ಡ್ಯಾಕೇ. ಅದು ಲ್ಯಾಪ್‌ಟಾಪಿಗೂ ನಡೆಯುತ್ತದೆ. ಹತ್ತಿಪ್ಪತ್ತು ಸಾವಿರದ ಡ್ಯಾಕಿನಿಂದ ಚೆಂಡೆಗೆ ಬೇರೆ ಜೀವ ಬರುತ್ತದೆ ಎನ್ನುವವರೂ ಇದ್ದಾರೆ. ಅವರನ್ನೂ ಒಮ್ಮೆ ಅಕ್ಕನ ಮಗನ ಎದುರು ಕೂರಿಸಬೇಕು.

ಕಂಪ್ಯೂಟರಿನೊಳಗಿನ ಸೆಟ್ಟಿಂಗು ಐದು ನಿಮಿಷದ ಕೆಲಸ. ವಿಂಡೋಸ್‌ನ ಸೌಂಡ್ ಸೆಟ್ಟಿಂಗಿನಲ್ಲಿ ನಿಮ್ಮ ಸ್ಪೀಕರನ್ನು ಒತ್ತಿದರೆ ಆಡಿಯೋ ಎನ್‌ಹ್ಯಾನ್ಸ್‌ಮೆಂಟ್ಸ್ ಅಂತ ಇರುತ್ತದೆ. ಆಫ್ ಮಾಡಿ. ಲ್ಯಾಪ್‌ಟಾಪ್ ಮಾಡಿದವರು ಹಾಕಿಕೊಟ್ಟ ಬಾಸ್ ಬೂಸ್ಟು, ಥಿಯೇಟರ್ ಎಫೆಕ್ಟು ಇದ್ದರೆ ಅದನ್ನೂ. ಅಲ್ಲೇ 44100, 48000 ಎಂದು ಫಾರ್ಮ್ಯಾಟ್ ಆರಿಸುವುದೂ ಉಂಟು. ವಿಂಡೋಸ್ ಎಲ್ಲ ಆ್ಯಪ್‌ಗಳ ಸದ್ದನ್ನೂ ಆ ಒಂದು ಅಳತೆಗೆ ತಂದು ಬೆರೆಸುತ್ತದೆ. ಅದರ ಬಗ್ಗೆ ತುಂಬಾ ತಲೆ ಕೆಡಿಸಿಕೊಳ್ಳುವುದು ಬೇಡ.

ಆ್ಯಪ್‌ನೊಳಗೆ ಮಾತ್ರ ಒಮ್ಮೆ ನೋಡಲೇಬೇಕು. ಸ್ಪಾಟಿಫೈ ಬ್ರೌಸರಿನಲ್ಲಿ ಕೇಳುವುದಕ್ಕಿಂತ ಆ್ಯಪ್ ಹಾಕಿಕೊಂಡು ಕೇಳುವುದು ವಾಸಿ. ದುಡ್ಡು ಕೊಡುವವರಿಗೆ ಆ್ಯಪ್‌ನಲ್ಲಿ ಬ್ರೌಸರಿಗಿಂತ ಮೇಲಿನ ಬಿಟ್‌ರೇಟ್ ಸಿಗುವುದುಂಟು, ಎಷ್ಟು ಎಂಬುದು ಪ್ಲಾನಿನ ಮೇಲೆ. ಆಪಲ್ ಮ್ಯೂಸಿಕ್ 2021ರಿಂದ ಹೆಚ್ಚಿನ ದುಡ್ಡಿಲ್ಲದೆ ಲಾಸ್‌ಲೆಸ್ ಕೊಡುತ್ತಿದೆ, ಅದನ್ನೂ ಸೆಟ್ಟಿಂಗಿನಲ್ಲಿ ಆನ್ ಮಾಡಬೇಕು. ನೆಟ್ ಖರ್ಚಿನ ಹೆದರಿಕೆ ಇದ್ದರೆ ಲೆಕ್ಕ ಹಾಕಿ: 320ರಲ್ಲಿ ಒಂದು ಗಂಟೆಗೆ 144 ಎಂಬಿ. ಬೆಳಗಿನವರೆಗಿನ ಆಟ ಕೇಳಿದರೂ ಒಂದೂವರೆ ಜಿಬಿ ದಾಟಲಿಕ್ಕಿಲ್ಲ. ಅಂದಹಾಗೆ, ಈ ಆ್ಯಪ್‌ಗಳಿಗೆ ನಾವು ಕೇರಳದವರು. ತೆರೆದ ಕೂಡಲೇ ಮಲಯಾಳಂ ಹಾಡಿನ ಸಾಲು. ನನಗೆ ಅದೂ ಇಷ್ಟವೇ, ಆದರೆ ಕನ್ನಡ ಬೇಕಾದರೆ ಭಾಷೆಯ ಸೆಟ್ಟಿಂಗಿಗೆ ಹೋಗಿ ನಾವೇ ಹೇಳಬೇಕು.

ಆದರೆ ಯಕ್ಷಗಾನ ಹೆಚ್ಚು ಇರುವುದು ಅಲ್ಲೆಲ್ಲೂ ಅಲ್ಲ, ಯೂಟ್ಯೂಬಿನಲ್ಲಿ. ಅಲ್ಲಿ ವೀಡಿಯೊದ ಮೇಲೆ ರೈಟ್ ಕ್ಲಿಕ್ ಮಾಡಿ "ಸ್ಟ್ಯಾಟ್ಸ್ ಫಾರ್ ನರ್ಡ್ಸ್" ಎಂಬುದನ್ನು ಒತ್ತಿ. ಒಂದು ಕಪ್ಪು ಪಟ್ಟಿ ಬರುತ್ತದೆ. ಅದರಲ್ಲಿ ಕೋಡೆಕ್ಸ್ ಎಂಬಲ್ಲಿ ಓಪಸ್, ಆವರಣದಲ್ಲಿ 251 ಎಂದು ಕಂಡರೆ ನಿಮಗೆ ಸಿಗುತ್ತಿರುವುದು ಸುಮಾರು 160 ಕೆಬಿಪಿಎಸ್‌ನ ಓಪಸ್. ಎಂಪಿ3ಗಿಂತ ತುಂಬಾ ಈಚಿನ ಕೋಡೆಕ್ ಅದು, ಚೆಂಡೆಯನ್ನು ಮರ್ಯಾದೆಯಿಂದಲೇ ನಡೆಸಿಕೊಳ್ಳುತ್ತದೆ. ಅದರ ಹತ್ತಿರವೇ ವಾಲ್ಯೂಮ್ ಎಂದು ಬರೆದು, ಕಂಟೆಂಟ್ ಲೌಡ್‌ನೆಸ್ ಇಷ್ಟು ಡೆಸಿಬಲ್ ಎಂದು ಇರುತ್ತದೆ. ಅಪ್‌ಲೋಡ್ ಮಾಡಿದವರು ಕೂಗಿಸಿ ಕೂಗಿಸಿ ಹಾಕಿದ್ದರೆ ಅಲ್ಲಿ ಪ್ಲಸ್ ಬರುತ್ತದೆ, ಯೂಟ್ಯೂಬ್ ಅಷ್ಟನ್ನು ತಾನೇ ತಗ್ಗಿಸಿ ಕೊಡುತ್ತದೆ. ಅಂದರೆ ಕೂಗಿಸಿದ್ದು ದಂಡ. ಸದ್ದಿನ ಏರಿಳಿತ ಹೋದದ್ದು ಮಾತ್ರ ಲಾಭ! ಗೇರ್ ಚಿಹ್ನೆಯಲ್ಲಿ ಸ್ಟೇಬಲ್ ವಾಲ್ಯೂಮ್ ಕಂಡರೆ ಆಟಕ್ಕೆ ಆಫ್ ಮಾಡಿಕೊಳ್ಳಿ. ಭಾಗವತರು ಮೆಲ್ಲ ಎತ್ತಿಕೊಳ್ಳುವುದು, ಚೆಂಡೆ ಮೇಲೆ ಬೀಳುವುದು, ಎರಡನ್ನೂ ಅದು ಒಂದೇ ಮಟ್ಟ ಮಾಡಲಿಕ್ಕೆ ನೋಡುತ್ತದೆ.

ಇಷ್ಟೆಲ್ಲ ಸರಿ ಮಾಡಿಕೊಂಡು ಕೂತ ಮೇಲೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಸ್ಪೀಕರು ಒಳ್ಳೆದಾದಷ್ಟೂ ರೆಕಾರ್ಡಿಂಗಿನ ಕುಂದು ಎದ್ದು ಕಾಣುತ್ತದೆ. ಮೊಬೈಲನ್ನು ರಂಗಸ್ಥಳದ ಎದುರು ಹಿಡಿದು ಮಾಡಿದ ಲೈವ್ ಇರುತ್ತದಲ್ಲ, ಅದರಲ್ಲಿ ಚೆಂಡೆ ಶುರುವಾದ ಕೂಡಲೇ ಭಾಗವತರು ದೂರ ಹೋಗುತ್ತಾರೆ. ನಿಂತ ಕೂಡಲೇ ಹತ್ತಿರ ಬರುತ್ತಾರೆ. ಫೋನು ತಾನೇ ಮೈಕ್ ಏರಿಸಿ ಇಳಿಸಿ ಮಾಡುವ ಉಪದ್ರ ಅದು. ಪೆಟ್ಟು ಮೈಕಿನ ಮಿತಿ ದಾಟಿದರೆ ಅಲೆಯ ತಲೆಯೇ ಕತ್ತರಿಸಿ ಹೋಗುತ್ತದೆ. ಕೋಲಿನ ಮೊನೆ ಇದ್ದ ಜಾಗದಲ್ಲಿ "ಚರ್" ಮಾತ್ರ. ಅದನ್ನು ಯಾವ ಲಾಸ್‌ಲೆಸ್ಸೂ, ಯಾವ ಡ್ಯಾಕೂ ಹಿಂದೆ ತರುವುದಿಲ್ಲ. ಸೌಂಡ್ಸ್‌ನವರ ಮಿಕ್ಸರಿನಿಂದ ನೇರ ಒಂದು ವಯರು ತೆಗೆದುಕೊಂಡು ಮಾಡಿದ ಲೈವ್‌ಗೂ ಇದಕ್ಕೂ ಆಕಾಶ ಭೂಮಿ ಅಂತರ.

ಬಲಿಪ ನಾರಾಯಣ ಭಾಗವತರು ಹುಟ್ಟಿದ್ದು ನಮ್ಮ ಪಕ್ಕದ ಪಡ್ರೆಯಲ್ಲಿ. 2023ರಲ್ಲಿ ತೀರಿಹೋದರು. ಅವರ ಏರುಕಾಲದ ಪದ್ಯಗಳಲ್ಲಿ ಎಷ್ಟೋ ಇಂದು ಕೇಳಲಿಕ್ಕೆ ಸಿಗುವುದು ಯಾರೋ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟದ್ದರಿಂದ. ಆದರೆ ಆ ಕ್ಯಾಸೆಟ್ಟಿನಿಂದ ಇಂಟರ್ನೆಟ್ಟಿಗೆ ಬರುವ ದಾರಿಯಲ್ಲಿ ಆದ ನಷ್ಟ ದೊಡ್ಡದು. ಮೊದಲು 64ರ ಎಂಪಿ3 ಮಾಡಿದ್ದು. ಅದನ್ನು ವಾಟ್ಸಾಪಿನಲ್ಲಿ ಕಳಿಸಿದ್ದು. ಅದಕ್ಕೊಂದು ದೇವರ ಪಟ ಅಂಟಿಸಿ ವೀಡಿಯೊ ಮಾಡಿದ್ದು. ಯೂಟ್ಯೂಬ್ ಮತ್ತೊಮ್ಮೆ ಹಿಂಡಿದ್ದು. ನಾವು ಈ ಕಡೆ ಕೂತು ಕೋಣೆ, ಸ್ಪೀಕರು, ಅರ್ತ್ ಎಂದು ಹೊಡೆದಾಡುತ್ತೇವೆ.

ನಮ್ಮ ಕಡೆ ಒಂದಲ್ಲ ಒಂದು ಮನೆಯ ಅಟ್ಟದಲ್ಲಿ ಈಗಲೂ ಇಂಥ ಕ್ಯಾಸೆಟ್ಟು ಉಂಟು. ಚಿಕ್ಕಪ್ಪನ ಮನೆಯಲ್ಲಿ ಸಿಕ್ಕಿದವನ್ನು ಈಗ ಕಂಪ್ಯೂಟರಿಗೆ ಇಳಿಸುತ್ತಾ ಇದ್ದೇನೆ. ಮಳೆಗಾಲದ ತಂಪಿಗೆ ಟೇಪಿನ ಅಂಚಿನಲ್ಲಿ ಬಿಳಿ ಬೂಸರು ಬಂದಿರುತ್ತದೆ. ಅಂಥದ್ದನ್ನು ಹಾಗೇ ಹಾಕಿದರೆ ಪ್ಲೇಯರಿಗೂ ಹರಡುತ್ತದೆ, ಮೊದಲು ಬೇರೆಯೇ ತೆಗೆದಿಡಬೇಕು. ಸರಿ ಇರುವುದನ್ನು ಒಮ್ಮೆ ಕೊನೆವರೆಗೆ ಓಡಿಸಿ, ಹಿಂದಕ್ಕೆ ಸುತ್ತಿ, ಪ್ಲೇಯರಿನ ಹೆಡ್ಡನ್ನು ಹತ್ತಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರಸಿಕೊಳ್ಳಬೇಕು. ಹತ್ತಿ ಕಂದಾಗದೆ ಬರುವವರೆಗೆ ಒರಸಿ. ಹೆಡ್ಡಿನ ಪಕ್ಕ, ಅದರ ಓರೆಯನ್ನು ಸರಿ ಮಾಡುವ ಒಂದು ಸಣ್ಣ ಸ್ಕ್ರೂ ಇರುತ್ತದೆ. ಟೇಪು ಓಡುವಾಗ ಅದನ್ನು ಕೂದಲೆಳೆಯಷ್ಟು ತಿರುಗಿಸಿದರೆ, ಕಂಬಳಿ ಹೊದ್ದ ಹಾಗಿದ್ದ ಚಕ್ರತಾಳ ಒಮ್ಮೆಲೇ ಬಿಚ್ಚಿಕೊಳ್ಳುತ್ತದೆ. ಇಷ್ಟು ವರ್ಷ ಟೇಪು ಹಳೆಯದು ಎಂದು ಬಿಟ್ಟಿದ್ದೆಲ್ಲ ಆ ಸ್ಕ್ರೂವಿನ ತಪ್ಪೇ ಇರಬಹುದು.

ರೆಕಾರ್ಡ್ ಮಾಡುವಾಗ 24 ಬಿಟ್, 48 ಕಿಲೋಹರ್ಟ್ಸ್ ಇಡಿ. ಮೀಟರು ಮೈನಸ್ 6 ಡೆಸಿಬಲ್‌ನ ಮೇಲೆ ಹೋಗದಿರಲಿ, ಚೆಂಡೆ ಎಲ್ಲಿ ಏರುತ್ತದೆ ಎಂದು ಹೇಳಲಿಕ್ಕಾಗುವುದಿಲ್ಲ. ಟೇಪಿನ "ಹಿಸ್" ತೆಗೆಯುತ್ತೇನೆ ಎಂದು ಹೊರಡಬೇಡಿ. ಅದರ ಜೊತೆ ತಾಳದ ಹೊಳಪೂ ಹೋಗುತ್ತದೆ. ಇಟ್ಟುಕೊಳ್ಳಲಿಕ್ಕೆ ಫ್ಲ್ಯಾಕ್ ಸಾಕು, ಏನೂ ನಷ್ಟವಾಗದೆ ಸಣ್ಣದಾಗುತ್ತದೆ. ಮನೆಯವರ, ಕಲಾವಿದರ ಒಪ್ಪಿಗೆ ಕೇಳಿ ಯೂಟ್ಯೂಬಿಗೆ ಹಾಕುವುದಾದರೆ ಎಂಪಿ3 ಮಾಡದೆ ಈ ಮೂಲ ಕಡತದಿಂದಲೇ ವೀಡಿಯೊ ಮಾಡಿ. ಹೇಗೂ ಅವರು ಒಮ್ಮೆ ಹಿಂಡುತ್ತಾರೆ. ನಾವು ಮೊದಲೇ ಒಮ್ಮೆ ಹಿಂಡಿ ಕೊಡುವುದು ಯಾಕೆ?

ಶೀರ್ಷಿಕೆ ಬರೆಯುವಾಗ ಭಾಗವತರ ಹೆಸರು ಎಲ್ಲರೂ ಹಾಕುತ್ತಾರೆ. ಚೆಂಡೆ ಬಾರಿಸಿದ್ದು ಯಾರು, ಮದ್ದಳೆ ಯಾರು ಎಂಬುದನ್ನೂ ಹಾಕಿ. ಕ್ಯಾಸೆಟ್ಟಿನ ಕಾಗದದ ಹಿಂದೆ ಎಷ್ಟೋ ಸಲ ಪೆನ್ನಿನಲ್ಲಿ ಬರೆದಿರುತ್ತದೆ. ಇಲ್ಲದಿದ್ದರೆ ಊರಿನ ಹಿರಿಯರೊಬ್ಬರಿಗೆ ಎರಡು ನಿಮಿಷ ಕೇಳಿಸಿದರೆ ಸಾಕು, ಪೆಟ್ಟು ಕೇಳಿಯೇ ಹೆಸರು ಹೇಳುತ್ತಾರೆ.